ಸಿನಿಮಾ ರೀಮೇಕ್ ಅಂದರೆ ಬೈಗುಳ, ಗೇಮ್ ರೀಮೇಕ್ ಅಂದರೆ ಚಪ್ಪಾಳೆ: ಯಾಕೆ ಹೀಗೆ?

ಕೋಟೆಗುಡ್ಡ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಒಂದು ಸಿನಿಮಾ ಘೋಷಣೆ ಆಗಿ, ಅದು ರೀಮೇಕ್ ಅಂತ ಗೊತ್ತಾದರೆ ಸಾಕು, ನಮ್ಮ ಹುಡುಗರು ಬೈಯೋಕೆ ಶುರು ಮಾಡುತ್ತಾರೆ. ‘ಸ್ವಂತ ಕಥೆ ಇಲ್ವಾ?’ ‘ಮತ್ತೆ ನಕಲಾ?’ ಅಂತ. ಇದೇ ಹುಡುಗರು 2023ರಲ್ಲಿ ರೆಸಿಡೆಂಟ್ ಈವಿಲ್ 4 ರೀಮೇಕ್ ಬಂದಾಗ ಕೆಲಸಕ್ಕೆ ರಜೆ ಹಾಕಿ ಕೂತು ಆಡಿದರು. 2005ರ ಅದೇ ಕಥೆ, ಅದೇ ಹಳ್ಳಿ, ಅದೇ ಹೀರೋ ಲಿಯಾನ್. ಆಗ ಯಾರೂ ಸ್ವಂತ ಕಥೆ ಕೇಳಲಿಲ್ಲ.

ಒಂದೇ ಕೆಲಸ ಸಿನಿಮಾದವರು ಮಾಡಿದರೆ ಕಳ್ಳತನ, ಗೇಮ್‌ನವರು ಮಾಡಿದರೆ ಮರ್ಯಾದೆ. ಯಾಕೆ?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ರೀಮೇಕ್ ಮಾಡುವುದು ತಪ್ಪಲ್ಲ. ಮೂಲವನ್ನು ಬಿಚ್ಚಿ ನೋಡದೆ ಹಾಗೇ ಎತ್ತಿಡುವುದು ತಪ್ಪು. ಆಪ್ತಮಿತ್ರ (2004) ತಗೊಳ್ಳಿ. ಮೂಲ ಮಲಯಾಳಂನ ಮಣಿಚಿತ್ರತಾಳ್ (1993). ಅಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ, ಆಕೆ ಆಡುವುದು ತಮಿಳು. ಪಿ. ವಾಸು ಕನ್ನಡಕ್ಕೆ ತಂದಾಗ ಆಕೆಯನ್ನು ತೆಲುಗಿನವಳನ್ನಾಗಿ ಮಾಡಿದರು. ‘ರಾ ರಾ’ ಹಾಡು ಕನ್ನಡ ಸಿನಿಮಾದೊಳಗೆ ತೆಲುಗಿನಲ್ಲೇ ಇದೆ. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ಭೂಲ್ ಭುಲಯ್ಯಾ ಮಾಡಿದಾಗ ಆಕೆ ಬಂಗಾಳಿ ಆದಳು. ನೋಡುವವರಿಗೆ ಅರ್ಧ ಅರ್ಥ ಆಗಬೇಕು, ಅರ್ಧ ಬೇರೆ ಅನಿಸಬೇಕು. ಆಗಲೇ ಮೈ ಜುಮ್ಮೆನ್ನುವುದು. ಅದನ್ನು ಯೋಚಿಸಿ ಬದಲಾಯಿಸಿದ್ದಾರೆ. ಇದನ್ನೂ ನಕಲು ಅಂದರೆ ನಾನು ಒಪ್ಪುವುದಿಲ್ಲ.

ರಾಯಚೂರು ಬಿಸಿಲು
ರೀಮೇಕ್ ಅಂದರೆ ಸೋಮಾರಿತನ. ಅದಕ್ಕೆ ಇಷ್ಟು ವಿವರಣೆ ಬೇಕಾ?

ಜಾಯ್‌ಸ್ಟಿಕ್ ಕಾಕಾ, ಗಂಗಾವತಿ
ಕೋಟೆಗುಡ್ಡ ಅವರೇ, ಎರಡೂ ಒಂದೇ ಕೆಲಸ ಅಲ್ಲ. 1972ರ ಸಿನಿಮಾವನ್ನು ಇವತ್ತೂ ಕುರ್ಚಿಯಲ್ಲಿ ಕೂತೇ ನೋಡುತ್ತೀರಿ. ಗೇಮ್ ಹಾಗಲ್ಲ, ಅದನ್ನು ಕೈಯಲ್ಲಿ ಆಡಬೇಕು. ಕೈಗೆ ಅಭ್ಯಾಸ ತಪ್ಪಿದರೆ ಮುಗೀತು.

ಹಳೇ ರೆಸಿಡೆಂಟ್ ಈವಿಲ್ 4ರಲ್ಲಿ ಗನ್ ಎತ್ತಿದರೆ ಲಿಯಾನ್ ನಿಂತಲ್ಲೇ ನಿಲ್ಲಬೇಕು. ನಡೆಯುತ್ತಾ ಗುರಿ ಇಡೋಕೆ ಆಗಲ್ಲ. ಆಗಿನ ಭಯದಲ್ಲಿ ಅರ್ಧ ಭಾಗ ಅದರಿಂದಲೇ ಬರುತ್ತಿತ್ತು. ಹಳ್ಳಿ ಜನ ಸುತ್ತುವರೆದು ಬರುತ್ತಾರೆ, ನಿಮ್ಮ ಕಾಲು ಕದಲುವುದಿಲ್ಲ. ಈಗಿನ ಹುಡುಗನಿಗೆ ಕೊಟ್ಟು ನೋಡಿ, ಸ್ವಲ್ಪ ಹೊತ್ತಿಗೆ ಬೇಜಾರಾಗಿ ಎದ್ದು ಹೋಗುತ್ತಾನೆ. ರೀಮೇಕ್‌ನಲ್ಲಿ ನಡೆಯುತ್ತಾ ಗುಂಡು ಹಾರಿಸಬಹುದು. ಚಾಕುವಿನಿಂದ ಏಟು ತಡೆಯಬಹುದು, ಚೈನ್‌ಸಾ ಏಟು ಕೂಡ. ಆದರೆ ಆ ಚಾಕು ಸವೆಯುತ್ತದೆ, ವ್ಯಾಪಾರಿ ಹತ್ತಿರ ದುಡ್ಡು ಕೊಟ್ಟು ರಿಪೇರಿ ಮಾಡಿಸಬೇಕು. ಕಾಲಿಗೆ ಸ್ವಾತಂತ್ರ್ಯ ಕೊಟ್ಟು ಚಾಕುವಿನಲ್ಲಿ ಬಿಗಿ ಮಾಡಿದ್ದಾರೆ. ಭಯ ಹಾಗೇ ಉಳಿಯಿತು.

ಸಿನಿಮಾ ರೀಮೇಕ್‌ನಲ್ಲಿ ಇಷ್ಟು ತಲೆ ಓಡಿಸಿದವರು ಎಷ್ಟು ಜನ? ಆಪ್ತಮಿತ್ರ ಒಂದು ಅಪರೂಪ. ಉಳಿದವರು ಕ್ಯಾಮೆರಾ ಇಟ್ಟ ಜಾಗವನ್ನೂ ಬದಲಾಯಿಸುವುದಿಲ್ಲ.

ಸಿಂಧನೂರು ಸೋನಾ
ಕಾಕಾ, ಲೇಸರ್ ಕಿರಣ ತಪ್ಪಿಸಿಕೊಂಡು ದಾಟುವ ಆ ಕಾರಿಡಾರ್ ಎಲ್ಲಿ ಹೋಯ್ತು ಅಂತ ಹೇಳಿ. ಮೂಲದಲ್ಲಿದ್ದ ಭಾಗವನ್ನು ರೀಮೇಕ್‌ನಿಂದ ಕಿತ್ತರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಸಪರೇಟ್ ವೇಸ್’ ಅಂತ ಬೇರೆ ದುಡ್ಡಿಗೆ ಮಾರಿದರು. ಸಿನಿಮಾದವರು ಹೀಗೆ ಕ್ಲೈಮ್ಯಾಕ್ಸ್‌ಗೆ ಬೇರೆ ಟಿಕೆಟ್ ಇಟ್ಟಿದ್ದರೆ ಪರದೆ ಹರಿಯುತ್ತಿದ್ದಿರಿ.

ಜಾಯ್‌ಸ್ಟಿಕ್ ಕಾಕಾ, ಗಂಗಾವತಿ
ಅದು ಸರಿಯಾದ ದೂರೇ. ಆದರೆ ಸಪರೇಟ್ ವೇಸ್‌ನಲ್ಲಿ ಆ ಲೇಸರ್ ಅಡಾ ಅನ್ನುವ ಪಾತ್ರದ ಕೈಗೆ ಬಂತು, ಅವಳ ಜಿಗಿತಕ್ಕೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ. ನಾನು ದುಡ್ಡು ಕೊಟ್ಟೇ ಆಡಿದೆ, ಬೇಜಾರಿಲ್ಲ.

ಸೆಕೆಂಡ್ ಶೋ, ಬಳ್ಳಾರಿ
ಇಲ್ಲಿ ಇನ್ನೊಂದು ವಿಷಯ ಬಿಟ್ಟು ಹೋಗಿದೆ. ನಾವು ಗಡಿ ಊರಿನವರು. ಬೆಂಗಳೂರು, ಮೈಸೂರಿನ ಪ್ರೇಕ್ಷಕರ ಲೆಕ್ಕ ನಮಗೆ ಕೂರುವುದಿಲ್ಲ.

ತೆಲುಗು ಸಿನಿಮಾ ಬಳ್ಳಾರಿಗೆ ಕರ್ನೂಲು, ಅನಂತಪುರದ ಜೊತೆಯಲ್ಲೇ ಬರುತ್ತದೆ. ಮೊದಲ ದಿನವೇ ಕಟೌಟು, ಹಾಲು, ಹಾರ. 2003ರ ಒಕ್ಕಡು ನಮ್ಮ ಮಂದಿ ಎಷ್ಟು ಸಲ ನೋಡಿದ್ದಾರೋ. ಅದರಲ್ಲಿ ಬರುವ ಕರ್ನೂಲಿನ ಕೊಂಡಾರೆಡ್ಡಿ ಬುರುಜು ನಮಗೆ ಸೆಟ್ ಅಲ್ಲ, ನಾವು ಬಸ್ಸಿನಲ್ಲಿ ಹೋಗುವಾಗ ನೋಡಿದ ಜಾಗ. ಮೂರು ವರ್ಷ ಆದ ಮೇಲೆ 2006ರಲ್ಲಿ ಅದೇ ಕಥೆ ಅಜಯ್ ಆಗಿ ಬಂತು. ಅಪ್ಪು ಅಂದರೆ ನಮಗೆ ಪ್ರಾಣ. ಕುಣಿತ, ಫೈಟು ಎಲ್ಲದಕ್ಕೂ ಶಿಳ್ಳೆ ಹೊಡೆದೆವು. ಆದರೆ ಮುಂದಿನ ಡೈಲಾಗ್ ಏನು ಅಂತ ಪಕ್ಕದ ಸೀಟಿನವನು ಮೊದಲೇ ತೆಲುಗಿನಲ್ಲಿ ಹೇಳುತ್ತಿದ್ದ. ಅಂಥ ಕಡೆ ಹೊಸತನ ಹೇಗೆ ಉಳಿಯುತ್ತದೆ?

ಮೈಸೂರಿನಲ್ಲಿ ಅದು ಹೊಸ ಸಿನಿಮಾ. ಬಳ್ಳಾರಿಯಲ್ಲಿ ಅದು ಎರಡನೇ ಸಲ. ಬೈಗುಳಕ್ಕೆ ಒಂದು ಕಾರಣ ಇದು.

ಇನ್ನು ‘ರಾ ರಾ’ ಬಗ್ಗೆ. ಅರ್ಧ ಅರ್ಥ ಆಗಬೇಕು ಅಂದಿರಿ ಅಲ್ವಾ ಕೋಟೆಗುಡ್ಡ ಅಣ್ಣ? ಕೌಲ್ ಬಜಾರ್‌ನಲ್ಲಿ ದಿನಾ ತೆಲುಗು ಕೇಳುವವನಿಗೆ ಅದು ಪೂರ್ತಿ ಅರ್ಥ ಆಗುತ್ತದೆ. ಹಾಗಂತ ನಮಗೆ ಹೆದರಿಕೆ ಕಡಿಮೆ ಆಗಲಿಲ್ಲ. ಅದಕ್ಕೆ ಸೌಂದರ್ಯ ಅವರ ಕಣ್ಣು ಕಾರಣ. ಸಿನಿಮಾ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡಿದ್ದರು. ಆ ದುಃಖ ಮನಸ್ಸಿನಲ್ಲಿ ಇಟ್ಟುಕೊಂಡೇ ಎಲ್ಲರೂ ನೋಡಿದ್ದು.

ಲಿಂಗಸೂಗೂರು ಲೋಕಲ್
ಅಪ್ಪು ಹೀರೋ ಆದ ಮೊದಲ ಸಿನಿಮಾನೇ ರೀಮೇಕ್ ಅಲ್ವಾ? ರವಿತೇಜ ಇಡಿಯಟ್‌ದು.

ಸಂಡೂರು ಸೀಮೆ
ಇಲ್ಲ ರೀ! ಎಷ್ಟು ಸಲ ಹೇಳಬೇಕು ಇದನ್ನ. ಅಪ್ಪು ಸಿನಿಮಾ 2002ರ ಏಪ್ರಿಲ್ 26ಕ್ಕೆ ಬಂತು. ಇಡಿಯಟ್ ಬಂದಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಎರಡಕ್ಕೂ ನಿರ್ದೇಶಕ ಪುರಿ ಜಗನ್ನಾಥ್. ಕನ್ನಡದ್ದೇ ಮೊದಲು, ತೆಲುಗಿನದ್ದೇ ರೀಮೇಕ್. 2003ರಲ್ಲಿ ತಮಿಳಿನಲ್ಲಿ ಸಿಂಬು ದಮ್ ಮಾಡಿದರು. ಮೂರರಲ್ಲೂ ನಾಯಕಿ ರಕ್ಷಿತಾ ಅವರೇ. ಹೀರೋ, ಊರು, ಭಾಷೆ ಎಲ್ಲ ಬದಲಾದರೂ ಹುಡುಗಿ ಬದಲಾಗಲಿಲ್ಲ.

ನಮ್ಮ ಗಡಿಯಲ್ಲಿ ಇದೇ ತೊಂದರೆ. ತೆಲುಗಿನಲ್ಲಿ ಜಾಸ್ತಿ ಸಲ ನೋಡಿದ್ದೇ ಮೂಲ ಅಂತ ತಲೆಯಲ್ಲಿ ಕೂರುತ್ತದೆ. ಘರಾನಾ ಮೊಗುಡು (1992) ಚಿರಂಜೀವಿ ಸಿನಿಮಾ ಅಂತ ಎಲ್ಲರಿಗೂ ಗೊತ್ತು. ಅದು ಅಣ್ಣಾವ್ರ ಅನುರಾಗ ಅರಳಿತು (1986) ಅಂತ ಎಷ್ಟು ಜನ ಹೇಳುತ್ತಾರೆ? ಅದೇ ಕಥೆ ತಮಿಳಿಗೆ ಮನ್ನನ್ ಆಗಿ, ಹಿಂದಿಗೆ ಲಾಡ್ಲಾ ಆಗಿ ಹೋಯಿತು. ಓಂ (1995) ತೆಲುಗಿಗೂ ಹಿಂದಿಗೂ ಹೋಯಿತು. ಜೋಗಿ (2005) ತೆಲುಗಿನಲ್ಲಿ ಪ್ರಭಾಸ್ ಮಾಡಿದರು, ತಮಿಳಿನಲ್ಲಿ ಧನುಷ್. ನಾವು ಬರೀ ತಗೊಂಡವರಲ್ಲ, ಕೊಟ್ಟವರೂ ಹೌದು.

ಕುಷ್ಟಗಿ ಕ್ಯಾಮೆರಾ
ಸಂಡೂರು ಅಣ್ಣನ ಪಟ್ಟಿಗೆ ನಾಗರಹಾವು ಸೇರಿಸಿ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಮಾಡಿದರು. 1974ರಲ್ಲಿ ಹಿಂದಿಯಲ್ಲಿ ರಿಷಿ ಕಪೂರ್ ಇಟ್ಟುಕೊಂಡು ಜಹರೀಲಾ ಇನ್ಸಾನ್ ಮಾಡಿದ್ದೂ ಅವರೇ. ಅದೇ ನಿರ್ದೇಶಕ, ಅದೇ ಕಥೆ. ಆದರೂ ಕನ್ನಡದ ಗೆಲುವು ಅಲ್ಲಿ ಸಿಗಲಿಲ್ಲ.

ನನಗೆ ಅನಿಸುವುದು, ರಾಮಾಚಾರಿಯ ಸಿಟ್ಟು ಚಿತ್ರದುರ್ಗದ ಬಂಡೆಯಿಂದ ಬಂದಿದ್ದು. ತ.ರಾ.ಸು. ಅದೇ ಸೀಮೆಯವರು. ಆ ಮೇಷ್ಟ್ರು, ಆ ಕೇರಿ, ಆ ಜಾತಿ ಮಾತು ಎಲ್ಲ ಅಲ್ಲಿನದು. ಮಾಡಿದವನೇ ಮತ್ತೆ ಮಾಡಿದರೂ ಊರನ್ನು ಹೊತ್ತು ಒಯ್ಯೋಕೆ ಆಗಲ್ಲ. ದೃಶ್ಯಂ ಮಾತ್ರ ಬೇರೆ. ಅದರ ಜೀವ ಊರಲ್ಲಿಲ್ಲ, ಲೆಕ್ಕದಲ್ಲಿದೆ. ಯಾವ ದಿನ ಎಲ್ಲಿದ್ದೆವು, ಯಾರು ನೋಡಿದರು, ಬಸ್ ಟಿಕೆಟ್ ಎಲ್ಲಿದೆ. ಹಾಗಾಗಿ ಎಲ್ಲಿಗೆ ಹೋದರೂ ನಡೆಯಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಸಿಂಹಳ, 2019ರಲ್ಲಿ ಚೀನೀ ಭಾಷೆಗೂ ಹೋಯಿತು. ಚೀನಾದಲ್ಲಿ ಕೊನೆಯನ್ನೇ ಬದಲಾಯಿಸಿದರು. ಅಲ್ಲಿ ಅಪ್ಪ ಪೊಲೀಸರಿಗೆ ಶರಣಾಗುತ್ತಾನೆ. ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ. ಜಾರ್ಜ್‌ಕುಟ್ಟಿ ಶರಣಾದರೆ ಉಳಿಯುವುದೇನು?

ರಾಯಚೂರು ಬಿಸಿಲು
ಸ್ವಂತ ಕಥೆ ಬರೆಯೋಕೆ ಬರುವವರು ಯಾಕೆ ರೀಮೇಕ್ ಮಾಡುತ್ತಾರೆ? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಭಾಗ್ಯನಗರ ಟೀಚರ್, ಕೊಪ್ಪಳ
ನಾನು ಕೊಡುತ್ತೇನೆ. ನಮ್ಮ ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಓದೋಕೂ ಬರುವುದಿಲ್ಲ, ಹಾಗಾಗಿ ಸಬ್‌ಟೈಟಲ್ ಹಾಕಿ ಪ್ರಯೋಜನ ಇಲ್ಲ. ರವಿಚಂದ್ರನ್ ಅವರ ದೃಶ್ಯ (2014) ಟಿವಿಯಲ್ಲಿ ಬಂದಾಗ ಅತ್ತೆ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು ಕೂತರು. ಹಿಟ್ಟು ಕೈಯಲ್ಲೇ ಒಣಗಿತು. ‘ಆ ಹುಡುಗಿ ಬಾಯಿ ಬಿಟ್ಟರೆ ಮನೆ ಹಾಳು’ ಅಂತ ಪೊಲೀಸ್ ಸ್ಟೇಷನ್ ಸೀನಿನುದ್ದಕ್ಕೂ ಹೇಳುತ್ತಿದ್ದರು. ಮೋಹನ್‌ಲಾಲ್ ಯಾರು ಅಂತಲೂ ಅವರಿಗೆ ಗೊತ್ತಿಲ್ಲ. ಅವರ ಪಾಲಿಗೆ ರಾಜೇಂದ್ರ ಪೊನ್ನಪ್ಪನೇ ಮೂಲ.

ನೀವೆಲ್ಲ ನಾಲ್ಕು ಭಾಷೆ ಬರುವ ಗಂಡಸರು ಕೂತು ರೀಮೇಕ್ ಬೇಡ ಅಂತೀರಿ. ಒಂದೇ ಭಾಷೆ ಬರುವ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಯಲ್ಲಿ ಇದ್ದಾರೆ ಅಂತ ಯೋಚಿಸಿ. ಒಳ್ಳೆಯ ಕಥೆ ಅವರಿಗೂ ಬೇಕಲ್ವಾ?

ಮಾನ್ವಿ ಮಲ್ಲಿ
ಟೀಚರ್ ಮಾತಿಗೆ ನನ್ನ ಪೂರ್ತಿ ಬೆಂಬಲ.

ಸೆಕೆಂಡ್ ಶೋ, ಬಳ್ಳಾರಿ
ಮೇಡಂ, ಅದಕ್ಕೆ ಡಬ್ಬಿಂಗ್ ಇದೆಯಲ್ಲ. 60ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್ ಬೇಡ ಅಂತ ನಿಲ್ಲಿಸಿದ್ದರಿಂದಲೇ ರೀಮೇಕ್ ಇಷ್ಟು ಬೆಳೆದಿದ್ದು. ಬೇರೆ ಭಾಷೆಯ ಕಥೆ ಕನ್ನಡದಲ್ಲಿ ಬರಬೇಕು ಅಂದರೆ ಇದ್ದದ್ದು ಆ ಒಂದೇ ದಾರಿ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಆದೇಶ ಕೊಟ್ಟಿತು. 2017ರಲ್ಲಿ ಸತ್ಯದೇವ್ ಐಪಿಎಸ್ ಡಬ್ ಆಗಿ ಬಂತು. ಈಗ ಎಲ್ಲ ದೊಡ್ಡ ಸಿನಿಮಾಗಳೂ ಕನ್ನಡದಲ್ಲೇ ಕೇಳಬಹುದು. ಇನ್ನು ರೀಮೇಕ್ ಯಾಕೆ?

ಭಾಗ್ಯನಗರ ಟೀಚರ್, ಕೊಪ್ಪಳ
ಡಬ್ ಆದ ಸಿನಿಮಾ ಅತ್ತೆಗೆ ಹಾಕಿದ್ದೇನೆ. ಎದ್ದು ಹೋಗುತ್ತಾರೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಮನೆಯೊಳಗಿನ ದೇವರ ಗೂಡು, ಸೀರೆ ಉಡುವ ರೀತಿ, ಊಟಕ್ಕೆ ಕೂರುವ ರೀತಿ ಯಾವುದೂ ನಮ್ಮದಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಡಬ್ಬಿಂಗ್ ಬೇಡ ಅನ್ನುತ್ತಿಲ್ಲ, ಮಕ್ಕಳಿಗೆ ಅದು ಬೇಕು. ಆದರೆ ಅದು ರೀಮೇಕ್‌ನ ಕೆಲಸ ಮಾಡುವುದಿಲ್ಲ.

ಬಯಲಾಟ ಮೇಷ್ಟ್ರು, ಬಳ್ಳಾರಿ ತಾಲ್ಲೂಕು
ನಿಮ್ಮ ಚರ್ಚೆ ಓದುತ್ತಿದ್ದೆ. ನಮ್ಮ ಸೀಮೆಯವರು ಮೂಲ, ನಕಲು ಅಂತ ಇಷ್ಟು ತಲೆ ಕೆಡಿಸಿಕೊಂಡಿದ್ದು ಈಚೆಗೆ.

ದೊಡ್ಡಾಟದಲ್ಲಿ ಎಲ್ಲ ಪ್ರಸಂಗವೂ ಜನಕ್ಕೆ ಗೊತ್ತಿರುವುದೇ. ಗಿರಿಜಾ ಕಲ್ಯಾಣದಲ್ಲಿ ಕೊನೆಗೆ ಏನಾಗುತ್ತದೆ ಅಂತ ಕೇಳೋಕೆ ಯಾರೂ ರಾತ್ರಿಯಿಡೀ ಕೂರುವುದಿಲ್ಲ. ಈ ವರ್ಷದ ಪಾತ್ರಧಾರಿ ಹೇಗೆ ಪ್ರವೇಶ ಮಾಡುತ್ತಾನೆ, ಸಾರಥಿ ಕೇಳಿದ ಪ್ರಶ್ನೆಗೆ ಏನು ಉತ್ತರ ಕೊಡುತ್ತಾನೆ, ಹೆಜ್ಜೆ ತಾಳಕ್ಕೆ ಕೂರುತ್ತದಾ, ಅದಕ್ಕೆ ಕೂರುತ್ತಾರೆ. ಕಂದಗಲ್ ಹನುಮಂತರಾಯರ ರಕ್ತರಾತ್ರಿ ನಮ್ಮ ಕಡೆ ಜಾತ್ರೆಗಳಲ್ಲಿ ಆಡಿದಷ್ಟು ಸಲ ಯಾವ ಸಿನಿಮಾ ರೀಮೇಕ್ ಆಗಿದೆ? ಪ್ರತಿ ಊರಿನ ಶಕುನಿ ಬೇರೆ. ಹೋದ ವರ್ಷದ ಶಕುನಿಗಿಂತ ಈ ವರ್ಷದವನು ಚೆನ್ನಾಗಿ ಮಾಡಿದ ಅಂತ ಜಗಳ ಆಗುತ್ತದೆ. ನಕಲು ಅಂತ ಯಾರೂ ಅನ್ನುವುದಿಲ್ಲ.

ಉಲ್ಟಾ ಕೂಡ ಆಗಿದೆ. ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ರಾಮಾಯಣದ ಜೊತೆ ಗಾಂಧಿ ಕಥೆಯನ್ನೂ ತೋರಿಸಿದರು. ಕಲೆ ಹಳೆಯದು, ಕಥೆ ಹೊಸದು. ಜನ ಅದನ್ನೂ ಒಪ್ಪಿದರು. ಹಾಗಾಗಿ ರಾಯಚೂರು ಬಿಸಿಲು ಅವರೇ, ಗೊತ್ತಿರುವ ಕಥೆಯನ್ನು ಮತ್ತೆ ಹೇಳುವುದು ಸೋಮಾರಿತನ ಅಲ್ಲ. ತಯಾರಿ ಇಲ್ಲದೆ ರಂಗಕ್ಕೆ ಬರುವುದು ಸೋಮಾರಿತನ.

ರಾಯಚೂರು ಬಿಸಿಲು
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಜಾತ್ರೆ ನಾಟಕ ಊರವರು ಸೇರಿ ತಮ್ಮ ಖುಷಿಗೆ ಆಡುವುದು. ಸಿನಿಮಾ ಹಕ್ಕು ಕೊಂಡು, ಗೆದ್ದ ಕುದುರೆ ಮೇಲೆ ದುಡ್ಡು ಹಾಕುವ ವ್ಯಾಪಾರ. ಹೊಸ ಬರಹಗಾರ ಸ್ವಂತ ಸ್ಕ್ರಿಪ್ಟ್ ಹಿಡಿದು ಗಾಂಧಿನಗರದಲ್ಲಿ ವರ್ಷಗಟ್ಟಲೆ ಅಲೆಯುತ್ತಾನೆ. ನಿರ್ಮಾಪಕ ಅವನ ಕಥೆ ಕೇಳುವುದಿಲ್ಲ, ಬೇರೆ ಭಾಷೆಯ ಸಿಡಿ ಹಾಕಿ ತೋರಿಸುತ್ತಾನೆ. ನನ್ನ ಗೆಳೆಯನೊಬ್ಬ ಹೀಗೇ ವಾಪಸ್ ಬಂದು ಈಗ ಗಂಜ್‌ನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದಾನೆ. ಒಳ್ಳೆಯ ಕಥೆ ಬರೆದಿದ್ದ. ನನ್ನ ಸಿಟ್ಟು ಅಲ್ಲಿಂದ ಬಂದಿದ್ದು.

ಕೋಟೆಗುಡ್ಡ, ಬಳ್ಳಾರಿ
ಇದು ನ್ಯಾಯವಾದ ಸಿಟ್ಟು. ಇದಕ್ಕೆ ನನ್ನ ವಿರೋಧ ಇಲ್ಲ. ಗೇಮ್‌ನಲ್ಲೂ ಇದೇ ನಡೆಯುತ್ತಿದೆ ಅಲ್ವಾ? ದಿ ಲಾಸ್ಟ್ ಆಫ್ ಅಸ್ ಬಂದಿದ್ದು 2013ರಲ್ಲಿ. ಮರುವರ್ಷವೇ ಚಿತ್ರ ನಯ ಮಾಡಿದ ರೀಮಾಸ್ಟರ್. 2022ರಲ್ಲಿ ಮತ್ತೆ ರೀಮೇಕ್. ಮಧ್ಯೆ ಆಡೋಕೆ ಏನೂ ತೊಂದರೆ ಇರದ ಗೇಮ್ ಅದು. ಅಷ್ಟು ಜನರ ಕೈ, ಅಷ್ಟು ದುಡ್ಡು ಒಂದು ಹೊಸ ಗೇಮ್‌ಗೆ ಹೋಗಬಹುದಿತ್ತು.

ತೀನ್ ಕಂದಿಲ್, ರಾಯಚೂರು
ಎಲ್ಲ ರೀಮೇಕ್ ಒಂದೇ ತಕ್ಕಡಿಗೆ ಹಾಕಬೇಡಿ. ಮಾಫಿಯಾ (2002) ಆಡಿದವರು ಯಾರಾದರೂ ಇದ್ದೀರಾ? ಅದರಲ್ಲಿ ಒಂದು ಕಾರ್ ರೇಸ್ ಮಿಷನ್. ನಮ್ಮ ಸೈಬರ್ ಕೆಫೆಯಲ್ಲಿ ಅಲ್ಲಿಗೆ ಬಂದು ನಿಂತವರೇ ಎಲ್ಲ. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಅದೊಂದೇ ರೇಸ್ ಸೋತು ಮನೆಗೆ ಹೋಗುವುದು. ತಿರುವಿನಲ್ಲಿ ಕಾರು ಪಲ್ಟಿ, ಇಲ್ಲವಾದರೆ ಕರೆಂಟ್ ಹೋಗುವುದು. ಗೆದ್ದ ಒಬ್ಬ ಹುಡುಗ ಇದ್ದ, ಅವನನ್ನು ಬೇರೆಯವರು ಕರೆದು ಕೂರಿಸಿ ಆಡಿಸುತ್ತಿದ್ದರು.

2020ರ ರೀಮೇಕ್‌ನಲ್ಲಿ ಆ ರೇಸ್ ಕಷ್ಟ ಎಷ್ಟಿರಬೇಕು ಅಂತ ನಾವೇ ಇಟ್ಟುಕೊಳ್ಳಬಹುದು. ಹಾಗಾಗಿ ರೇಸ್ ಆದ ಮೇಲಿನ ಕಥೆ ಮೊದಲ ಸಲ ನೋಡಿದೆ. ಅಷ್ಟು ಒಳ್ಳೆಯ ಕಥೆ ಅಲ್ಲಿತ್ತು ಅಂತ ಗೊತ್ತೇ ಇರಲಿಲ್ಲ. ರೀಮೇಕ್ ನನಗೆ ಮೂಲವನ್ನು ಕೊಟ್ಟಿತು.

ಪಿಕ್ಸೆಲ್ ಪಂಪಾ, ಆನೆಗೊಂದಿ
ರೇಸ್ ಗೆಲ್ಲಿಸ್ಕೊಡುತ್ತಿದ್ದ ಹುಡುಗ ಎಲ್ಲ ಊರಲ್ಲೂ ಇದ್ದ ಅನಿಸುತ್ತದೆ! ನಮ್ಮಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮ್‌ನ ಟ್ರೈನ್ ಮಿಷನ್‌ಗೆ ಇದ್ದ. ನೋಟ್‌ಬುಕ್ ಕೊನೆ ಹಾಳೆಯಲ್ಲಿ ಹೆಸೋಯಾಮ್ ಅನ್ನುವ ಚೀಟ್ ಕೋಡ್ ಬರೆದುಕೊಂಡು ಹೋಗುತ್ತಿದ್ದೆವು.

ಲಿಂಗಸೂಗೂರು ಲೋಕಲ್
ಪ್ಯಾಂಜರ್! ಆ ಕೋಡ್ ಹೊಡೆದರೆ ಟ್ಯಾಂಕ್ ಬೀಳುತ್ತಿತ್ತು. ವೈಸ್ ಸಿಟಿ ದಿನಗಳು.

ಸಿಂಧನೂರು ಸೋನಾ
ವೈಸ್ ಸಿಟಿ ಹೆಸರು ಎತ್ತಿದಿರಿ, ಹಾಗಾದ್ರೆ 2021ರ ಡೆಫಿನಿಟಿವ್ ಎಡಿಷನ್ ಬಗ್ಗೆಯೂ ಹೇಳಬೇಕು. ಜಿಟಿಎಯ ಹಳೇ ಮೂರು ಗೇಮ್ ಹೊಸದು ಮಾಡಿ ಒಟ್ಟಿಗೆ ತಂದರು. ಮಳೆ ಬಂದರೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಬೋರ್ಡಿನ ಅಕ್ಷರಗಳನ್ನು ಯಂತ್ರಕ್ಕೆ ಕೊಟ್ಟು ಹಿಗ್ಗಿಸಿದ್ದರಿಂದ ಕಾಗುಣಿತ ತಪ್ಪಾಯಿತು. ಡೋನಟ್ ಅಂಗಡಿ ಮೇಲೆ ಒಂದು ದೊಡ್ಡ ನಟ್ ಇತ್ತು, ನಟ್ ಬೋಲ್ಟಿನ ಆರು ಮೂಲೆ ನಟ್. ಅಂಗಡಿ ಹೆಸರಿಗೆ ಹೊಂದಿಸಿದ ತಮಾಷೆ ಅದು. ಹೊಸದರಲ್ಲಿ ಮೂಲೆಗಳನ್ನೆಲ್ಲ ನಯ ಮಾಡಿ ಟೈರ್ ಮಾಡಿಬಿಟ್ಟಿದ್ದರು. ಮಾಡಿದವರಿಗೆ ಅದು ಏನು ಅಂತಲೇ ಗೊತ್ತಾಗಿಲ್ಲ. ಕೋಟೆಗುಡ್ಡ ಹೇಳಿದ್ದು ಇದೇ, ಮೂಲವನ್ನು ಬಿಚ್ಚಿ ನೋಡದೆ ಮಾಡಿದರೆ ಹೀಗಾಗುತ್ತದೆ. ಆಮೇಲೆ ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು, ಆ ಮಾತು ಬೇರೆ.

ಹಟ್ಟಿ ಮಂದಿ
ಸೀಕ್ವೆಲ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಕೆಜಿಎಫ್ ಮೊದಲ ಭಾಗ (2018) ನನಗೆ ಎರಡನೆಯದಕ್ಕಿಂತ (2022) ಇಷ್ಟ. ಮೊದಲನೆಯದರಲ್ಲಿ ಕಥೆ ಹೇಳುವವರು ಅನಂತ್ ನಾಗ್. ಆ ದನಿಯಲ್ಲಿ ಒಂದು ನಿಧಾನ ಇತ್ತು, ಹೇಳುವವನು ನಂಬಿದ್ದಾನೆ ಅನಿಸುತ್ತಿತ್ತು. ಎರಡನೆಯದಕ್ಕೆ ಪ್ರಕಾಶ್ ರಾಜ್ ಬಂದರು. ಒಳ್ಳೆಯ ನಟ, ಆದರೆ ದನಿ ಬದಲಾದಾಗ ಕಥೆಯ ತೂಕವೂ ಬದಲಾಯಿತು. ಜೊತೆಗೆ, ಮೊದಲನೆಯದರಲ್ಲಿ ಗಣಿಯೊಳಗಿನ ಜನ ಕಾಣುತ್ತಿದ್ದರು. ಎರಡನೆಯದರಲ್ಲಿ ರಾಕಿ ಒಬ್ಬನೇ ಕಾಣುತ್ತಾನೆ.

ನಮ್ಮದು ಗಣಿ ಊರು, ಅದಕ್ಕೆ ಹೇಳುತ್ತಿದ್ದೇನೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಈಗಲೂ ತೆಗೆಯುವುದು ನಮ್ಮ ಹಟ್ಟಿಯಲ್ಲಿ. ಒಂದು ಸಿನಿಮಾನೂ ನಮ್ಮ ಬಗ್ಗೆ ಬಂದಿಲ್ಲ.

ಮಾನ್ವಿ ಮಲ್ಲಿ
ಹಟ್ಟಿ ಅಣ್ಣ, ಗಣಿಯೊಳಗೆ ಹೊರಗಿನವರನ್ನು ಬಿಡುತ್ತಾರಾ? ಮಕ್ಕಳನ್ನು ಕರೆತರಬೇಕು ಅಂತ ಇದೆ.

ಹಟ್ಟಿ ಮಂದಿ
ಸುಮ್ನೆ ಬಂದರೆ ಬಿಡುವುದಿಲ್ಲ. ಶಾಲೆಯಿಂದ ಪತ್ರ ಬರೆದು ಮೊದಲೇ ಅನುಮತಿ ಕೇಳಿ ನೋಡಿ.

ಕುಷ್ಟಗಿ ಕ್ಯಾಮೆರಾ
ಸೀಕ್ವೆಲ್ ಯಾರು ಮಾಡುತ್ತಾರೆ ಅನ್ನುವುದೇ ಮುಖ್ಯ. ಮುಂಗಾರು ಮಳೆ (2006) ಯೋಗರಾಜ್ ಭಟ್ಟರದು. ಹತ್ತು ವರ್ಷ ಆದ ಮೇಲೆ ಬಂದ ಎರಡನೆಯದು ಬೇರೆ ನಿರ್ದೇಶಕರದು, ಬೇರೆ ಕಥೆ. ಗಣೇಶ್ ಇದ್ದರು, ಮಳೆ ಇತ್ತು, ಆದರೆ ಆ ಹುಡುಗನ ವಟವಟ ಮಾತು ಇರಲಿಲ್ಲ. ದೇವದಾಸ ಅನ್ನುವ ಮೊಲದ ಜೊತೆ ಅವನು ಮಾತಾಡುತ್ತಿದ್ದನಲ್ಲ, ಆ ಹುಚ್ಚು ಭಟ್ಟರ ಕೈಯಿಂದ ಬಂದಿದ್ದು.

ಆಪ್ತರಕ್ಷಕ (2010) ಬೇರೆ ಥರ. ಅದು ವಿಷ್ಣು ಸಾರ್ ಕೊನೆಯ ಸಿನಿಮಾ, ಅವರು ಹೋದ ಮೇಲೆ ತೆರೆಗೆ ಬಂತು. ಅದನ್ನು ಆಪ್ತಮಿತ್ರದ ಜೊತೆ ತೂಗೋಕೆ ನನಗೆ ಮನಸ್ಸು ಬರುವುದಿಲ್ಲ. ಅದನ್ನೇ ತೆಲುಗಿನವರು ವೆಂಕಟೇಶ್ ಇಟ್ಟುಕೊಂಡು ನಾಗವಲ್ಲಿ ಅಂತ ಮಾಡಿದರು. ಮಲಯಾಳಂನಿಂದ ಬಂದ ಕಥೆಗೆ ಕನ್ನಡದಲ್ಲಿ ಹುಟ್ಟಿದ ಮುಂದಿನ ಭಾಗ, ಅದರ ತೆಲುಗು ರೀಮೇಕ್. ಇದರಲ್ಲಿ ಮೂಲ ಯಾವುದು ಅಂತ ಹೇಳಿ ನೋಡೋಣ.

ಜಾಯ್‌ಸ್ಟಿಕ್ ಕಾಕಾ, ಗಂಗಾವತಿ
ಗೇಮ್‌ನಲ್ಲಿ ಇದಕ್ಕಿಂತ ಸಿಕ್ಕು ಇದೆ. ಜಪಾನಿನ ಸೂಪರ್ ಮಾರಿಯೋ 2 (1986) ತುಂಬಾ ಕಷ್ಟ ಅಂತ ಆಗ ಅಮೆರಿಕಕ್ಕೆ ಕಳಿಸಲಿಲ್ಲ. ಡೋಕಿ ಡೋಕಿ ಪ್ಯಾನಿಕ್ ಅನ್ನುವ ಬೇರೆ ಗೇಮ್ ತಗೊಂಡು, ಅದರ ಪಾತ್ರಗಳ ಮೇಲೆ ಮಾರಿಯೋ ಮಂದಿಯನ್ನು ಕೂರಿಸಿ, 1988ರಲ್ಲಿ ಅದನ್ನೇ ಮಾರಿಯೋ 2 ಅಂತ ಕೊಟ್ಟರು. ಜನ ಅದನ್ನೂ ಪ್ರೀತಿಸಿದರು.

ಫೈನಲ್ ಫ್ಯಾಂಟಸಿ 7 (1997) ರೀಮೇಕ್ 2020ರಲ್ಲಿ ಬಂತು. ಮೂಲದ ಕಥೆಯಲ್ಲಿ ಮಿಡ್‌ಗಾರ್ ನಗರ ಮುಗಿಯುವವರೆಗೆ ಮಾತ್ರ ಅದರಲ್ಲಿದೆ. ಉಳಿದಿದ್ದಕ್ಕೆ ಮತ್ತೆ ಗೇಮ್ ಕೊಳ್ಳಬೇಕು. ಆದರೆ ಒಳಗೆ ಒಂದು ಒಳ್ಳೆಯ ಯೋಚನೆ ಇದೆ. ಕಥೆ ಹಳೇ ದಾರಿ ಬಿಟ್ಟು ಹೋಗೋಕೆ ನೋಡಿದರೆ ಕಪ್ಪು ನೆರಳುಗಳು ಬಂದು ತಡೆಯುತ್ತವೆ. ಮೂಲ ಆಡಿದವನಿಗೆ ಅದು ಏನು ಅಂತ ಹೊಳೆದಾಗ ಎದ್ದು ಕೂರುತ್ತಾನೆ.

ತೀನ್ ಕಂದಿಲ್, ರಾಯಚೂರು
ನಮ್ಮ ದೇಶದವರು ಮಾಡುತ್ತಿದ್ದ ದೊಡ್ಡ ರೀಮೇಕ್ ಒಂದಿತ್ತು, ಅದು ನನಗೆ ಇನ್ನೂ ನೋವು. ಪ್ರಿನ್ಸ್ ಆಫ್ ಪರ್ಷಿಯಾ ಸ್ಯಾಂಡ್ಸ್ ಆಫ್ ಟೈಮ್ (2003). 2020ರಲ್ಲಿ ಪುಣೆ ಮತ್ತು ಮುಂಬೈ ಸ್ಟುಡಿಯೋಗಳಿಗೆ ಕೊಟ್ಟಿದ್ದಾರೆ ಅಂತ ಗೊತ್ತಾದಾಗ ಎಷ್ಟು ಖುಷಿಯಾಗಿತ್ತು. ಟ್ರೇಲರ್ ನೋಡಿ ಜಗತ್ತೆಲ್ಲ ಬೈಯಿತು. 2022ರಲ್ಲಿ ಕೆಲಸವನ್ನು ಮೂಲ ಗೇಮ್ ಮಾಡಿದ ಮಾಂಟ್ರಿಯಾಲ್ ಸ್ಟುಡಿಯೋಗೇ ವಾಪಸ್ ಕೊಟ್ಟರು. ನಮ್ಮ ಹುಡುಗರಿಗೆ ಸಮಯ ಕೊಟ್ಟಿದ್ದರೆ ಮಾಡುತ್ತಿದ್ದರು ಅಂತ ನಾನು ಈಗಲೂ ನಂಬುತ್ತೇನೆ.

ಪಿಕ್ಸೆಲ್ ಪಂಪಾ, ಆನೆಗೊಂದಿ
ನನ್ನ ಚಿಂತೆ ಬೇರೆ. ಸಿನಿಮಾ ರೀಮೇಕ್ ಎಷ್ಟೇ ಕೆಟ್ಟದಾಗಿದ್ದರೂ ಮೂಲಕ್ಕೆ ಏನೂ ಆಗುವುದಿಲ್ಲ. ಮಣಿಚಿತ್ರತಾಳ್ 2024ರಲ್ಲಿ ಮತ್ತೆ ಥಿಯೇಟರ್‌ಗೆ ಬಂತು. 2025ರಲ್ಲಿ ಅಪ್ಪು ಬಂದಾಗ ನಾವೆಲ್ಲ ಹೋಗಿ ಕುಣಿದೆವು. ಓಂ ಎಷ್ಟು ಸಲ ಮತ್ತೆ ಬಿಡುಗಡೆ ಆಗಿದೆಯೋ. ಮೂಲ ಇದೆ, ರೀಮೇಕ್ ಕೂಡ ಇದೆ. ಯಾವುದು ಬೇಕೋ ನೋಡಿಕೊಳ್ಳಿ.

ಗೇಮ್‌ನಲ್ಲಿ ರೀಮೇಕ್ ಬಂದರೆ ಮೂಲವನ್ನೇ ಅಂಗಡಿಯಿಂದ ಎತ್ತಿಬಿಡುತ್ತಾರೆ. ಆ 2021ರ ಜಿಟಿಎ ಬರುವ ಹೊತ್ತಿಗೆ ಹಳೇ ಮೂರನ್ನೂ ಮಾರಾಟದಿಂದ ತೆಗೆದಿದ್ದರು. ಜನ ಗಲಾಟೆ ಮಾಡಿದ ಮೇಲೆ ಪಿಸಿಗೆ ವಾಪಸ್ ಕೊಟ್ಟರು. ವೈಸ್ ಸಿಟಿಯಲ್ಲಿ ಬಿಲ್ಲಿ ಜೀನ್ ಹಾಡು ಇತ್ತಲ್ಲ? ಹಾಡಿನ ಹಕ್ಕಿನ ಕಾರಣಕ್ಕೆ ಆಮೇಲೆ ಬಂದ ಆವೃತ್ತಿಗಳಲ್ಲಿ ಅದು ಇಲ್ಲ. 2023ರಲ್ಲಿ ಕೌಂಟರ್ ಸ್ಟ್ರೈಕ್ 2 ಬಂತು, ಮೊದಲಿನ ಸಿಎಸ್‌ಗೋ ಜಾಗದಲ್ಲೇ ಬಂದು ಕೂತಿತು. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ನಮ್ಮ ಗೇಮ್ ಬೇರೆ.

ಮುಸ್ತಫಾ ಗೊತ್ತಲ್ವಾ ಎಲ್ಲರಿಗೂ? ಒಂದು ರೂಪಾಯಿ ಕಾಯಿನ್ ಹಾಕಿ ಆಡುತ್ತಿದ್ದೆವು, ಡೈನೋಸಾರ್, ಕಾರು, ಪೀಪಾಯಿ ಒಡೆದರೆ ತಿಂಡಿ. ನಿಜವಾದ ಹೆಸರು ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್, 1993ರಲ್ಲಿ ಕ್ಯಾಪ್‌ಕಾಮ್ ಮಾಡಿದ್ದು. ಒಂದು ಕಾಮಿಕ್ಸ್ ಆಧರಿಸಿದ ಗೇಮ್. ಆ ಆರ್ಕೇಡ್ ಗೇಮ್ ಮನೆ ಕನ್ಸೋಲ್‌ಗೆ ಅಧಿಕೃತವಾಗಿ ಬರಲೇ ಇಲ್ಲ. ಭಾರತದ ಹಳ್ಳಿ ಹಳ್ಳಿಗೂ ಗೊತ್ತಿರುವ ಗೇಮ್, ದುಡ್ಡು ಕೊಟ್ಟು ಕೊಳ್ಳೋಣ ಅಂದರೆ ಸಿಗುವುದಿಲ್ಲ. ಅದಕ್ಕೆ ರೀಮೇಕ್ ಬೇಡ, ಮೂಲ ಸಿಕ್ಕರೆ ಸಾಕು.

ಕೋಟೆಗುಡ್ಡ, ಬಳ್ಳಾರಿ
ಪಂಪಾ ಹೇಳಿದ್ದು ನನಗೆ ಹೊಳೆದಿರಲಿಲ್ಲ. ಹಾಗೆ ನೋಡಿದರೆ ಸಿನಿಮಾ ರೀಮೇಕ್‌ಗಿಂತ ಗೇಮ್ ರೀಮೇಕ್ ಮಾಡುವವರಿಗೆ ಜವಾಬ್ದಾರಿ ಜಾಸ್ತಿ. ರೀಮೇಕ್ ಜೊತೆ ಮೂಲವನ್ನೂ ಕೊಡಬೇಕು, ಇದೊಂದು ನಿಯಮ ಇರಬೇಕು.

ರಾಯಚೂರು ಬಿಸಿಲು
ಕೊನೆಗೂ ಒಂದು ಒಪ್ಪುವ ಮಾತು. ಸಿನಿಮಾಗೂ ಒಂದು ಸೇರಿಸಿ: ರೀಮೇಕ್ ಶುರುವಾಗುವಾಗಲೇ ಮೂಲದ ಕಥೆಗಾರನ ಹೆಸರು ದೊಡ್ಡದಾಗಿ ಬರಲಿ. ಮಣಿಚಿತ್ರತಾಳ್ ಬರೆದವರು ಮಧು ಮುಟ್ಟಂ. ಆಪ್ತಮಿತ್ರ ನೋಡಿದ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ಸೆಕೆಂಡ್ ಶೋ, ಬಳ್ಳಾರಿ
ಸಲಾರ್ (2023) ಬಗ್ಗೆ ಕೇಳಬೇಕಿತ್ತು. ಉಗ್ರಂ (2014) ಕಥೆಯನ್ನೇ ದೊಡ್ಡದು ಮಾಡಿದ್ದು ಅಂತ ಪ್ರಶಾಂತ್ ನೀಲ್ ಅವರೇ ಹೇಳಿದ್ದಾರೆ. ಬಳ್ಳಾರಿಯಲ್ಲಿ ಉಗ್ರಂ ನೋಡದವರು ಸಲಾರ್ ನೋಡಿ ಬಂದು ಹೊಸ ಕಥೆ ಅಂದರು. ನನಗೆ ಉಗ್ರಂ ಮೇಲು. ಶ್ರೀಮುರಳಿ ಮೌನವಾಗಿ ನಿಂತರೆ ಸಾಕಿತ್ತು, ಅಷ್ಟು ದೊಡ್ಡ ಸೆಟ್ ಬೇಕಿರಲಿಲ್ಲ.

ಸಂಡೂರು ಸೀಮೆ
ಪ್ರಭಾಸ್ ನಿಂತರೂ ಸಾಕು ಅಣ್ಣ. ಇದಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಜಗಳ ಮುಗಿಯುವುದಿಲ್ಲ.

ಮಾನ್ವಿ ಮಲ್ಲಿ
ಪಂಪಾ ಅಕ್ಕ, ಒಂದು ಸಹಾಯ. ತಮ್ಮನ ಹಳೇ ವೈಸ್ ಸಿಟಿ ಸಿಡಿ ಅಟ್ಟದ ಮೇಲೆ ಸಿಕ್ಕಿದೆ, ಬಿಲ್ಲಿ ಜೀನ್ ಇರುವುದೇ. ಗೀರು ಬಿದ್ದಿದೆ. ಎಸೆಯಬೇಕಾ, ಇಡಬೇಕಾ?

ಪಿಕ್ಸೆಲ್ ಪಂಪಾ, ಆನೆಗೊಂದಿ
ಅಯ್ಯೋ, ಎಸೆಯಬೇಡಿ ಮಲ್ಲಿ! ಮೆತ್ತನೆ ಹತ್ತಿ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಸಿಡಿ ಡ್ರೈವ್ ಇರುವ ಹಳೇ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಓದಿದರೆ ಮೊದಲು ಅದರ ಇಮೇಜ್ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಆಮೇಲೆ ಆಡಿ. ಓದದಿದ್ದರೆ ಹೇಳಿ, ಗಂಗಾವತಿಗೆ ಬಂದಾಗ ತನ್ನಿ. ಕಾಕಾ ಹತ್ತಿರ ಒಳ್ಳೆಯ ಡ್ರೈವ್ ಇದೆ.

ಜಾಯ್‌ಸ್ಟಿಕ್ ಕಾಕಾ, ಗಂಗಾವತಿ
ಇದೆ, ತನ್ನಿ. ಕವರ್ ಮತ್ತು ಒಳಗಿನ ನಕ್ಷೆ ಇದ್ದರೆ ಅದನ್ನೂ ತನ್ನಿ, ಸ್ಕ್ಯಾನ್ ಮಾಡಿಕೊಡುತ್ತೇನೆ.